ಹಳದಿ ಚೌಕದಲ್ಲಿ ಎರಡು ಕಂಬ

ನಮ್ಮ ಕಡೆ ‘ವರ್ಕಿಂಗ್ ಕಂಡಿಷನ್’ ಎಂಬ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಆ ಮಾತು ನಂಬಿ ಸಾಗರದಲ್ಲಿ ನಾನು ಕೊಂಡ ಹಳೆ ಮಿಕ್ಸಿ ಎರಡೇ ಚಟ್ನಿಗೆ ನಿಂತುಹೋಗಿತ್ತು. ಮಾರಿದವನನ್ನು ಕೇಳಿದರೆ, ‘ನೀವು ಕಾಯಿ ಜಾಸ್ತಿ ಹಾಕಿರ್ತೀರಿ’ ಎಂದ. ಹಾಗಾಗಿ ಫೋನಿನಲ್ಲಿ ಹಳೆ ಸಾಮಾನು ಮಾರುವವರ ಪುಟದಲ್ಲಿ, ತೀರ್ಥಹಳ್ಳಿಯಿಂದ ಯಾರೋ ಹಾಕಿದ್ದ ಕ್ಯಾಮೆರಾದ ಚಿತ್ರದ ಕೆಳಗೆ ಅದೇ ಎರಡು ಪದ ನೋಡಿದಾಗ ಮೊದಲು ನಗು ಬಂತು. ಆಮೇಲೆ ಹತ್ತು ನಿಮಿಷ ಆ ಚಿತ್ರವನ್ನೇ ನೋಡುತ್ತ ಕೂತೆ.

ಅದು ರೀಲ್ ಹಾಕುವ ಕಾಲದ ರೇಂಜ್‌ಫೈಂಡರ್ ಕ್ಯಾಮೆರಾ. ನಾನು ಓದುತ್ತಿದ್ದಾಗ ಕಾಲೇಜಿನ ಫೋಟೋಗ್ರಫಿ ಸಂಘದಲ್ಲಿ ಅಂಥದ್ದೊಂದಿತ್ತು. ಸರದಿಯ ಮೇಲೆ ತಿಂಗಳಿಗೊಮ್ಮೆ ನನ್ನ ಕೈಗೆ ಬರುತ್ತಿತ್ತು. ಅದರ ಕಿಂಡಿಗೆ ಕಣ್ಣಿಟ್ಟರೆ ನಡುವೆ ಒಂದು ಸಣ್ಣ ಹಳದಿ ಚೌಕ. ಆ ಚೌಕದೊಳಗೆ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆಯನ್ನು ನಿಧಾನಕ್ಕೆ ತಿರುಗಿಸುತ್ತ ಹೋದರೆ ಎರಡನೆಯದು ಸರಿದು ಬಂದು ಮೊದಲನೆಯದರ ಮೇಲೆ ಕೂರುತ್ತದೆ. ಎರಡೂ ಒಂದಾದರೆ ಫೋಕಸ್ ಆಯಿತೆಂದು ಅರ್ಥ. ಈ ಕೆಲಸವನ್ನು ಯಂತ್ರ ಮಾಡಿಕೊಡುವುದಿಲ್ಲ, ಕಣ್ಣೇ ಮಾಡಬೇಕು. ನನಗೆ ಬೇಕಾಗಿದ್ದದ್ದೂ ಅದೇ.

ಬೇಕಾಗಿದ್ದದ್ದು ಯಾಕೆ ಎಂದು ಆಗ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ಹೇಳಬಹುದು. ನನ್ನ ಅಮ್ಮನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಣಿನ ಒತ್ತಡ ಹೆಚ್ಚಾಗಿ ನೋಟ ಹೋಯಿತು. ಇದು ವಂಶದಲ್ಲಿ ಬರುವಂಥದ್ದು, ಮಕ್ಕಳು ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ನನಗೆ ಐವತ್ಮೂರು ತುಂಬಿತ್ತು; ಒಮ್ಮೆಯೂ ತೋರಿಸಿಕೊಂಡಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಪ್ರತಿ ವರ್ಷ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು, ಮಸೂರ ಇಲ್ಲಿ, ಪಾಪೆ ಇಲ್ಲಿ, ಮೂಢನಂಬಿಕೆ ಬಿಡಿ, ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಭಾಷಣ ಬಿಗಿಯುವವಳು. ಆದರೆ ಕೆಲವು ತಿಂಗಳಿಂದ ಎದುರು ಬರುವ ಬಸ್ಸಿನ ದೀಪಕ್ಕೆ ಬಾಲ ಬೆಳೆಯುತ್ತಿರುವುದು ಕಂಡಾಗ, ಗಾಜು ಕೊಳೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಕಣ್ಣು ಇರುವಷ್ಟರಲ್ಲಿ, ನನ್ನ ಕಣ್ಣಿಂದಲೇ ಫೋಕಸ್ ಮಾಡಿ ಒಂದು ರೀಲು ಚಿತ್ರ ತೆಗೆಯಬೇಕು ಎಂಬ ಆಸೆ ಎಲ್ಲಿಂದ ಹುಟ್ಟಿತು ಎಂದು ಬಿಡಿಸಿ ಹೇಳಬೇಕಿಲ್ಲ.

ದೀಪಾವಳಿ ಕಳೆದ ಮೊದಲ ಶನಿವಾರ ಸಾಗರದಿಂದ ಹೊರಟು, ಹೊಸನಗರದಲ್ಲಿ ಬಸ್ಸು ಬದಲಿಸಿ, ತೀರ್ಥಹಳ್ಳಿಗೆ ಹೋದೆ. ಕ್ಯಾಮೆರಾದ ಮಾಲೀಕರು ಎಪ್ಪತ್ತೆಂಟು ವರ್ಷದ ಹಿರಿಯರು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮಹಡಿ ಮೇಲೆ ಅವರ ಗಡಿಯಾರ ರಿಪೇರಿ ಅಂಗಡಿ. ಹಿಂದೆ ಕ್ಯಾಮೆರಾಗಳನ್ನೂ ಬಿಚ್ಚಿ ಜೋಡಿಸುತ್ತಿದ್ದರಂತೆ. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ ಚಿಮಟ ಮತ್ತು ಸ್ಕ್ರೂ ಡ್ರೈವರುಗಳು. ಕ್ಯಾಮೆರಾದ ಚಿತ್ರವನ್ನು ಫೋನಿನಲ್ಲಿ ಹಾಕಿದವಳು ಅವರ ಮಗಳು. ನಲವತ್ತರ ಆಸುಪಾಸಿನ ಆಕೆ ಕೆಳಗಿನ ಮನೆಯಿಂದ ಕಷಾಯ ತಂದುಕೊಟ್ಟು ಹೋದಳು.

ನಾನು ತಯಾರಾಗಿಯೇ ಹೋಗಿದ್ದೆ. ಹಿಂದಿನ ಬಾಗಿಲು ತೆಗೆದು ಬೆಳಕಿಗೆ ಹಿಡಿದು ಶಟರ್ ಒತ್ತಿದೆ. ಒಂದು ಸೆಕೆಂಡಿನದು ಸರಿಯಾಗಿ ಒಂದು ಸೆಕೆಂಡು ತೆರೆದು ಮುಚ್ಚಿತು. ರೀಲ್ ಎಳೆಯುವ ಸನ್ನೆ ಎಲ್ಲೂ ತಡೆಯದೆ ತಿರುಗಿತು. ಬೆಳಕು ಅಳೆಯುವ ಮೀಟರ್ ಮಾತ್ರ ಸತ್ತಿತ್ತು. ಅದರ ಸೆಲ್ಲೇ ಈಗ ಸಿಗುವುದಿಲ್ಲ ಎಂದು ಅವರೇ ಮೊದಲು ಹೇಳಿದರು. ಅವರ ಮಾತಿನ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಆಗ. ಕೊನೆಗೆ ಕಿಟಕಿಗೆ ಹೋಗಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗಿಟ್ಟು ಎದುರಿನ ಕರೆಂಟ್ ಕಂಬವನ್ನು ಹಳದಿ ಚೌಕದೊಳಗೆ ತಂದೆ.

ಎರಡು ಕಂಬ ಕಂಡವು. ಬಳೆ ತಿರುಗಿಸಿದೆ. ಎರಡನೆಯದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಮೊದಲನೆಯದನ್ನು ದಾಟಿ ಆಚೆ ಹೋಯಿತು. ಹಿಂದಕ್ಕೆ ತಿರುಗಿಸಿದೆ. ಎಲ್ಲೂ ಒಂದಾಗಲಿಲ್ಲ. ಒಂದಾಗಬೇಕಾದ ಜಾಗದಲ್ಲಿ ಮಂಜು ಮಂಜಾದ ಇನ್ನೊಂದು ಕಂಬದ ನೆರಳು ಉಳಿದೇ ಇತ್ತು. ನನ್ನ ಬಾಯಿ ತಡಮಾಡಲಿಲ್ಲ.

“ಒಳಗಡೆ ಬೂಷ್ಟು ಹಿಡ್ದಿದೆ ಇದಕ್ಕೆ,” ಎಂದೆ.

ಇದು ಮಲೆನಾಡಿನವರ ರೋಗ. ಮಳೆಗಾಲದ ತೇವಕ್ಕೆ ಚಪ್ಪಲಿಯಿಂದ ಹಿಡಿದು ದೇವರ ಫೋಟೋದವರೆಗೆ ಬೂಷ್ಟು ಹಿಡಿಯುವುದನ್ನು ಕಂಡು ಬೆಳೆದ ನಾವು, ಯಾವ ಗಾಜು ಮಸುಕಾಗಿ ಕಂಡರೂ ಎರಡನೇ ಯೋಚನೆ ಮಾಡುವುದಿಲ್ಲ. ಬಯಲುಸೀಮೆಯವಳಾಗಿದ್ದರೆ ಒಂದು ಗಳಿಗೆಯಾದರೂ ಕಣ್ಣುಜ್ಜಿಕೊಳ್ಳುತ್ತಿದ್ದೆನೇನೋ.

ಹಿರಿಯರು ನೆಟ್ಟಗೆ ಕೂತರು. “ಬೂಷ್ಟಾ? ಇಲ್ಲವಲ್ಲ ಮಾರಾಯ್ರೆ,” ಎಂದು ಟಾರ್ಚ್ ತಂದು ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ತೋರಿಸಿದರು. ಎರಡೂ ಕಣ್ಣು ಬಿಟ್ಟು ನೋಡಿದೆ, ನೀರಿನಷ್ಟು ತಿಳಿಯಾಗಿತ್ತು. “ಲೆನ್ಸಲ್ಲಿ ಅಲ್ಲ, ನೋಡೋ ಕಿಂಡಿ ಒಳಗೆ,” ಎಂದೆ. ಅವರು ಕಿಂಡಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. “ನಂಗೆ ಸರಿ ಕಾಣ್ತದೆ,” ಎಂದರು. ನಾನು ಸುಮ್ಮನೆ ನಿಂತೆ. ವಿಜ್ಞಾನದ ಟೀಚರು ಸುಮ್ಮನೆ ನಿಂತರೆ ಎದುರಿನವರಿಗೆ ತಪ್ಪು ತಮ್ಮದೇ ಅನ್ನಿಸುತ್ತದೆ. ಇದು ಮೂವತ್ತು ವರ್ಷ ಮಕ್ಕಳ ಮೇಲೆ ಪ್ರಯೋಗಿಸಿದ ವಿದ್ಯೆ.

“ಹಂಗಾರೆ ಒಂದು ಕೆಲ್ಸ ಮಾಡಿ,” ಎಂದರು ಅವರು ಕೊನೆಗೆ. “ನಮ್ಮಲ್ಲಿ ದನ ಕೊಡೋರು ಏನಂತಾರೆ? ಮನೆಗೆ ಹೊಡ್ಕಂಡ್ ಹೋಗಿ, ಮೂರು ಹೊತ್ತು ಕರ್ದು ನೋಡಿ, ಆಮೇಲೆ ರೇಟಿನ ಮಾತು ಅಂತಾರೆ. ನೀವೂ ಇದನ್ನ ತಗಂಡ್ ಹೋಗಿ. ಹದಿನೈದು ದಿನ ಇಟ್ಕಂಡು ನೋಡಿ. ಬೇಡ ಅಂದ್ರೆ ವಾಪಸ್ ತನ್ನಿ, ನಂಗೇನೂ ಬೇಜಾರಿಲ್ಲ.”

ಒಂದು ರೂಪಾಯಿ ಮುಂಗಡವನ್ನೂ ಮುಟ್ಟದೆ, ಪರಿಚಯವಿಲ್ಲದವಳ ಕೈಗೆ ಕ್ಯಾಮೆರಾ ಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ: ಇದು ಹಾಳಾಗಿರಲಿ. ಒಳ್ಳೆಯ ಕ್ಯಾಮೆರಾ ಬೇಕೆಂದು ಎಂಬತ್ತು ಕಿಲೋಮೀಟರ್ ಹೋದವಳು, ಅದು ಕೆಟ್ಟಿರಲಿ ಎಂದು ಹರಕೆ ಹೊರುತ್ತಿದ್ದೆ. ಅದು ಕೆಟ್ಟಿದ್ದರೆ ನಾನು ಸರಿ ಇದ್ದ ಹಾಗೆ.

ಮನೆಗೆ ಬಂದು ಬೂಷ್ಟಿನ ಚಿಕಿತ್ಸೆ ಶುರುಮಾಡಿದೆ. ಮಳೆಗಾಲದಲ್ಲಿ ರೇಷ್ಮೆ ಸೀರೆಗಳ ಕಪಾಟಿನೊಳಗೆ ನಾವು ಒಂದು ನಲವತ್ತು ವ್ಯಾಟಿನ ಬಲ್ಬು ಉರಿಸಿಡುತ್ತೇವೆ. ಆ ಬಲ್ಬನ್ನು ಮತ್ತೆ ಹಚ್ಚಿ, ಸ್ವಲ್ಪ ದೂರದಲ್ಲಿ ಕ್ಯಾಮೆರಾ ಇಟ್ಟೆ. ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಗೆ ಹಾಕುವುದು, ಬೆಳಿಗ್ಗೆ ತೆಗೆದು ಟೆರೇಸಿನ ಎಳೆಬಿಸಿಲಿಗೆ ಹಿಡಿಯುವುದು. ಹಿಡಿದು, ರಸ್ತೆಯಾಚೆಯ ಕರೆಂಟ್ ಕಂಬ ನೋಡುವುದು. ದಿನವೂ ಎರಡು ಕಂಬ. ಒಂದು ದಿನ ನೆರಳು ತುಸು ತೆಳುವಾದಂತೆ ಕಂಡು, ಒಣಗುತ್ತಿದೆ ಎಂದು ಖುಷಿಯಿಂದ ಶಾಲೆಗೆ ಹೋದೆ. ಮಾರನೆಯ ದಿನ ಮತ್ತೆ ಅಷ್ಟೇ ಇತ್ತು.

ರೀಲು ಹಾಕಿ ತೆಗೆದು ನೋಡಬಹುದಿತ್ತು. ತೊಳೆಯಲು ಬೆಂಗಳೂರಿಗೆ ಕಳಿಸಬೇಕು, ಯಾರು ಕಾಯುತ್ತಾರೆ ಎಂದು ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ರೀಲು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂಬ ಹೆದರಿಕೆ.

ಒಂದು ವಾರದ ನಂತರ ನನ್ನ ಗಂಡನನ್ನು ಟೆರೇಸಿಗೆ ಕರೆದು ಕಿಂಡಿಗೆ ಕಣ್ಣಿಡಲು ಹೇಳಿದೆ. ನಾನು ಹೇಳಿಕೊಟ್ಟ ಹಾಗೆ ಅವರು ಬಳೆ ತಿರುಗಿಸಿದರು.

“ಒಂದೇ ಕಂಬ ಇದ್ದು. ಬೂಷ್ಟೂ ಇಲ್ಲೆ, ಎಂತೂ ಇಲ್ಲೆ,” ಎಂದರು.

“ಅದನ್ನ ನೋಡಲೆ ಬರವು,” ಎಂದು, ಅವರಿಗೆ ನೋಡುವುದೇ ಗೊತ್ತಿಲ್ಲವೆಂಬಂತೆ ಕೈಯಿಂದ ಕಿತ್ತುಕೊಂಡೆ.

ಅವರು ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ, “ಒಂದ್ಸಲ ಕಣ್ಣು ತೋರ್ಸಿಕಂಡು ಬಪ್ಪನ?” ಎಂದು ಕೇಳಿದರು. ಅವರಿಗೆ ಅಮ್ಮನ ಕತೆ ಗೊತ್ತು. ನಾನು ಆ ದಿನ ಅವರ ಮೇಲೆ ಹಾರಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕ್ಯಾಮೆರಾ ಕೆಟ್ಟರೆ ಮನುಷ್ಯರನ್ನು ಯಾಕೆ ಆಸ್ಪತ್ರೆಗೆ ಎಳೆಯುತ್ತೀರಿ ಎಂದು ಕೂಗಾಡಿ, ಮಧ್ಯಾಹ್ನ ಊಟಕ್ಕೂ ಮಾತಾಡಲಿಲ್ಲ.

ಅಮ್ಮನ ಕತೆ ಶುರುವಾದದ್ದೂ ಗಾಜಿನಿಂದಲೇ. ಅಡುಗೆಮನೆಯ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನುತ್ತಿದ್ದಳು. ಹೊಗೆ ಕೂತಿದೆ, ಒರೆಸಿ ಎಂದು ನಮ್ಮನ್ನು ಸ್ಟೂಲು ಹತ್ತಿಸುತ್ತಿದ್ದಳು. ನಾವು ಒರೆಸಿದೆವು. ಮತ್ತೆ ಒರೆಸಿದೆವು. ‘ನಿಮ್ಗೆ ಒಂದು ಬಲ್ಬು ಒರ್ಸಕ್ಕೆ ಬರಲ್ಲ’ ಎಂದು ಬೈಸಿಕೊಂಡೆವು. ಅಪ್ಪ ಎರಡು ಸಲ ಹೊಸ ಬಲ್ಬು ತಂದು ಹಾಕಿದ. ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಡಾಕ್ಟರು, ವರ್ಷದ ಹಿಂದೆ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಇದೆಲ್ಲ ನನಗೆ ಟೆರೇಸಿನ ಮೇಲೆ ಕ್ಯಾಮೆರಾ ಹಿಡಿದು ನಿಂತಾಗ ನೆನಪಾಗಲಿಲ್ಲವೇ? ಆಯಿತು, ದಿನವೂ ಆಯಿತು. ನೆನಪಾದ ಕೂಡಲೇ ಕ್ಯಾಮೆರಾವನ್ನು ಮತ್ತೆ ಅಕ್ಕಿಯೊಳಗೆ ಹೂಳುತ್ತಿದ್ದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಅಷ್ಟು ದಿನಗಳಲ್ಲಿ ಒಮ್ಮೆಯೂ ನಾನು ಕ್ಯಾಮೆರಾವನ್ನು ಎಡಗಣ್ಣಿಗೆ ಇಟ್ಟು ನೋಡಲಿಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣೊಂದರಿಂದಲೇ ಲೋಕವನ್ನು ನೋಡುವ ಪ್ರಸಂಗ ಕಾಲೇಜು ಬಿಟ್ಟ ಮೇಲೆ ಈ ಕ್ಯಾಮೆರಾ ಬರುವವರೆಗೆ ನನಗೆ ಬಂದಿರಲಿಲ್ಲ; ಎರಡೂ ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತಿತ್ತು. ಈಗ ಕಣ್ಣು ಬದಲಿಸಿದರೆ ಎರಡು ಸೆಕೆಂಡಿನಲ್ಲಿ ತೀರ್ಮಾನವಾಗುತ್ತಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೂ ಹೊಳೆಯುವ ಪರೀಕ್ಷೆ. ಹೊಳೆದಿದ್ದರಿಂದಲೇ ನಾನು ಅದನ್ನು ಮಾಡಲಿಲ್ಲ.

ಹತ್ತನೆಯ ದಿನ ಹಿರಿಯರಿಗೆ ಫೋನ್ ಮಾಡಿದೆ. ಬಿಸಿಲಿಗೂ ಇಟ್ಟೆ, ಬಲ್ಬಿಗೂ ಇಟ್ಟೆ, ಬೂಷ್ಟು ಹೋಗಲಿಲ್ಲ, ಸ್ಪಷ್ಟವಾಗಿ ಕಾಣುತ್ತಿದೆ ಎಂದು ಪಾಠ ಒಪ್ಪಿಸಿದ ಹಾಗೆ ಹೇಳಿದೆ.

“ಅಷ್ಟು ಚೆನ್ನಾಗಿ ಕಾಣ್ತದಾ ನಿಮ್ಗೆ?” ಎಂದು ಕೇಳಿದರು.

“ಹೌದು. ಯಾರಿಗಾದ್ರೂ ಕಾಣತ್ತೆ.”

“ಆಯ್ತು, ತನ್ನಿ,” ಎಂದರು.

ಫೋನ್ ಇಟ್ಟ ಮೇಲೆ ನನಗೆ ಎಷ್ಟು ಹಗುರಾಯಿತೆಂದರೆ, ಆ ಸಂಜೆ ಗಂಡನ ಜೊತೆ ಸುಮ್ಮಸುಮ್ಮನೆ ನಗುತ್ತಿದ್ದೆ. ಐವತ್ತು ವರ್ಷ ಗಾಜಿನ ಜೊತೆ ಬದುಕಿದ ಮನುಷ್ಯ ನನ್ನ ಮಾತು ಒಪ್ಪಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದರೆ, ನೆಲವೇ ಹೌದು ನಾನು ಡೊಂಕು ಎಂದು ಒಪ್ಪಿಕೊಂಡ ಹಾಗಾಗಿತ್ತು.

ಹದಿನೈದನೆಯ ದಿನ ಮತ್ತೆ ತೀರ್ಥಹಳ್ಳಿಗೆ ಹೋದೆ. ಮಹಡಿ ಹತ್ತಿ ಒಳಗೆ ಕಾಲಿಟ್ಟಾಗ ಬೇರೆ ಯಾರದೋ ಅಂಗಡಿಗೆ ಬಂದೆನೇನೋ ಅನ್ನಿಸಿತು. ಮೇಜಿನ ಮೇಲೆ ಬಿಳಿ ಬಟ್ಟೆ ಇರಲಿಲ್ಲ. ಚಿಮಟ, ಸ್ಕ್ರೂ ಡ್ರೈವರುಗಳೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಸೇರಿದ್ದವು. ಗೋಡೆಯ ಗಡಿಯಾರಗಳು ಮೊಳೆಯಿಂದಿಳಿದು ಮೂಲೆಯಲ್ಲಿ ಕೂತಿದ್ದವು. ಹಿರಿಯರು ಕಿಟಕಿಯ ಹತ್ತಿರ ಬರಿಗೈಯಲ್ಲಿ ಕೂತಿದ್ದರು. ಅವರ ಮಗಳು ನೆಲದ ಮೇಲೆ ಕೂತು ಹಳೆ ಗಡಿಯಾರಗಳ ಬೆಲ್ಟುಗಳನ್ನು ಕಟ್ಟು ಕಟ್ಟುತ್ತಿದ್ದಳು.

“ಅಂಗಡಿ ಬಿಡ್ತಾ ಇದೀರಾ?” ಎಂದು ಕೇಳಿದೆ.

ಉತ್ತರ ಕೊಟ್ಟವಳು ಮಗಳು. “ನೀವು ಫೋನ್ ಮಾಡಿದ್ ದಿನದಿಂದ ಅಪ್ಪಯ್ಯ ಒಂದು ಸ್ಕ್ರೂ ಮುಟ್ಟಿಲ್ಲ. ರಿಪೇರಿಗೆ ಬಂದಿದ್ ವಾಚೆಲ್ಲ ವಾಪಸ್ ಕೊಟ್ರು. ಕಣ್ಣು ಹೋಯ್ತು, ಇನ್ನು ಜನರ ಸಾಮಾನು ಹಾಳ್ಮಾಡಬಾರ್ದು ಅಂತ ಕೂತಿದಾರೆ. ನಾಳೆ ಒಬ್ರು ಬಂದು ಟೂಲ್ಸ್ ತಗಂಡ್ ಹೋಗ್ತಾರೆ.”

“ಸುಳ್ಳು ಹೇಳಿ ಮಾರೋ ಜನ ಅಲ್ಲ ನಾವು,” ಎಂದರು ಹಿರಿಯರು. ನನ್ನ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ. ವಿವರಣೆ ಕೊಡುವ ಹಾಗೆ ಹೇಳುತ್ತಿದ್ದರು. “ನಿಮ್ ಮುಂದೇನೇ ನೋಡಿದ್ನಲ್ಲ, ನಂಗೆ ಬೂಷ್ಟು ಕಾಣ್ಲಿಲ್ಲ. ನೀವು ಹೋದ್ಮೇಲೆ ಯೋಚ್ನೆ ಬಂತು. ಇನ್ನೊಂದು ಕ್ಯಾಮೆರಾ ಇತ್ತು, ಅದ್ರಲ್ಲಿ ನೋಡ್ದೆ. ಬಲಗಣ್ಣಲ್ಲಿ ನೋಡ್ದೆ, ಎಡಗಣ್ಣಲ್ಲಿ ನೋಡ್ದೆ. ಎರಡ್ರಲ್ಲೂ ಸರಿಯಾಗೇ ಕಾಣ್ತು. ಆಮೇಲೆ ನೀವು ಯಾರಿಗಾದ್ರೂ ಕಾಣತ್ತೆ ಅಂದ್ರಿ. ಹಂಗಾರೆ ನಂದು ಎರಡೂ ಹೋಗಿದೆ ಅಂತ ತಾನೆ?”

ನನಗೆ ಕೂರಬೇಕೆನಿಸಿತು. ಕುರ್ಚಿಯ ಮೇಲೆ ಗಡಿಯಾರಗಳಿದ್ದವು. ನಿಂತಲ್ಲೇ ಚೀಲದಿಂದ ಕ್ಯಾಮೆರಾ ತೆಗೆದೆ.

“ಕೊನೇ ಸಲ ಒಂದು ಉಪಕಾರ ಮಾಡಿ,” ಎಂದರು ಅವರು. “ಬೂಷ್ಟು ಯಾವ ಬದೀಲಿ ಇದೆ ಅಂತ ಸರಿಯಾಗಿ ನೋಡಿ ಹೇಳಿ. ಎಲ್ಲಿ ನಂಗೆ ತಪ್ಪಿತು ಅಂತ ಗೊತ್ತಾದ್ರೆ ಸಾಕು.”

ಕಿಟಕಿಗೆ ಹೋದೆ. ಎದುರಿಗೆ ಅದೇ ಕಂಬ. ಅಭ್ಯಾಸದಂತೆ ಬಲಗಣ್ಣಿಗೆ ಕ್ಯಾಮೆರಾ ಬಂತು. ಅದೇ ಮಂಜು, ಅದೇ ನೆರಳು. ನನ್ನ ಬೆನ್ನ ಹಿಂದೆ ಆ ಮನುಷ್ಯ ಕಾಯುತ್ತಿದ್ದರು. ಕ್ಯಾಮೆರಾವನ್ನು ಮೂಗಿನ ಆಚೆಗೆ ಸರಿಸಿ ಎಡಗಣ್ಣಿಗೆ ಇಟ್ಟೆ. ಬಳೆ ತಿರುಗಿಸಿದೆ. ಎರಡನೆಯ ಕಂಬ ಸರಿದು ಬಂದು, ಮೊದಲನೆಯದರ ಮೇಲೆ ಕೂತು, ಒಂದೇ ಕಂಬವಾಯಿತು. ಕಂಬದ ತುದಿಯಲ್ಲಿ ತಂತಿ ಹಿಡಿದ ಪಿಂಗಾಣಿಯ ಬಿಲ್ಲೆಗಳನ್ನು ಎಣಿಸಬಹುದಿತ್ತು. ತಂತಿಯ ಮೇಲೆ ಕೂತ ಕಾಜಾಣದ ಸೀಳುಬಾಲ ಕೂಡ ಕಂಡಿತು.

ತಿರುಗಿ ಅವರ ಮುಖ ನೋಡಿದೆ. ಆಗಲೂ ನನ್ನ ಬಾಯಿಂದ ಬಂದದ್ದು ಸುಳ್ಳೇ.

“ಬೂಷ್ಟು ಹೋದ ಹಾಗಿದೆ,” ಎಂದೆ. “ಬಿಸಿಲಿಗೆ ಇಟ್ಟಿದ್ನಲ್ಲ, ಒಣಗಿರ್ಬೇಕು. ಈಗ ಸರಿ ಇದೆ. ನಾನೇ ತಗೊಳ್ತೀನಿ.”

ಎಷ್ಟು ಅನುಕೂಲದ ಸುಳ್ಳು ಅದು! ಕ್ಯಾಮೆರಾದ ಮರ್ಯಾದೆ ಉಳಿಯಿತು, ನನ್ನದೂ ಉಳಿಯಿತು ಎಂದುಕೊಂಡೆ. ಅವರು ಎದ್ದು ಬಂದು ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಒಂದು ಕ್ಷಣ ನೋಡಿ ವಾಪಸ್ ಕೊಟ್ಟರು.

“ನಂಗೆ ಅವತ್ತೂ ಹಿಂಗೇ ಕಂಡಿತ್ತು,” ಎಂದರು. “ಬೂಷ್ಟು ಇದ್ದಾಗ್ಲೂ ಇದೇ, ಹೋದಾಗ್ಲೂ ಇದೇ. ವ್ಯತ್ಯಾಸವೇ ಗೊತ್ತಾಗಲ್ಲ ಅಂದ್ರೆ ಇನ್ನೇನು ಉಳೀತು.” ಮಗಳ ಕಡೆ ತಿರುಗಿ, “ಆ ಡಬ್ಬಿ ಕಟ್ಟಿಬಿಡೆ ಮಾರಾಯ್ತಿ,” ಎಂದರು.

ಮಗಳು ಸೆಣಬಿನ ಹುರಿ ತೆಗೆದುಕೊಂಡು ಬಿಸ್ಕತ್ತಿನ ಡಬ್ಬಿಗೆ ಒಂದು ಸುತ್ತು ಹಾಕಿದಳು. ಎರಡನೆಯ ಸುತ್ತು ಹಾಕುವಾಗ ನನಗೆ ತಡೆಯಲಾಗಲಿಲ್ಲ.

“ಕಟ್ಬೇಡಿ,” ಎಂದೆ. “ಅದ್ರಲ್ಲಿ ಬೂಷ್ಟು ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ. ನನ್ನ ಬಲಗಣ್ಣು ಸರಿ ಇಲ್ಲ. ಎಡಗಣ್ಣಲ್ಲಿ ಈಗ ನೋಡ್ದೆ, ಒಂದೇ ಕಂಬ ಇದೆ.”

ಆ ಮಾತನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳಿದ ಕೂಡಲೇ ಕಣ್ಣಲ್ಲಿ ನೀರು ಬಂದು ಇದ್ದ ಒಂದು ಕಣ್ಣಿಗೂ ಏನೂ ಕಾಣದಾಯಿತು.

“ಮೊದ್ಲೇ ಗೊತ್ತಿತ್ತಾ ನಿಮ್ಗೆ?” ಎಂದು ಮಗಳು ಕೇಳಿದಳು.

ಸುಳ್ಳು ಹೇಳಲು ಇನ್ನು ಬಲವಿರಲಿಲ್ಲ. “ಗೊತ್ತಿತ್ತು. ಹೆದ್ರಿಕೆ. ನಮ್ಮಮ್ಮಂಗೆ ಹಿಂಗೇ ಹೋಗಿದ್ದು.”

“ಎಂಥಾ ಜನ ಮಾರಾಯ್ರೆ ನೀವು! ಐದು ದಿನದಿಂದ ಇವ್ರು ಸರಿಯಾಗಿ ಊಟ ಮಾಡಿಲ್ಲ,” ಎಂದು ಅವಳು ಹುರಿಯನ್ನು ನೆಲಕ್ಕೆ ಬಿಸಾಕಿದಳು. ತಲೆ ತಗ್ಗಿಸಿ, ತಪ್ಪಾಯ್ತು ಎಂದೆ. ಡಾಕ್ಟರಿಗೆ ತೋರಿಸಿದಿರಾ ಎಂದು ಅವಳೇ ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. ಇಲ್ಲ, ಸೋಮವಾರ ಶಿವಮೊಗ್ಗಕ್ಕೆ ಹೋಗ್ತೀನಿ ಎಂದೆ. ಹೇಳುತ್ತಿದ್ದಂತೆ ಹೋಗುತ್ತೇನೆ ಎಂದು ನನಗೂ ಖಾತ್ರಿಯಾಯಿತು.

ಹಿರಿಯರು ಬೈಯುತ್ತಾರೆಂದು ಕಾದೆ, ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅವರು ನನ್ನ ಕೈಯಲ್ಲಿದ್ದ ಕ್ಯಾಮೆರಾವನ್ನು ಮೆಲ್ಲಗೆ ಬಿಡಿಸಿಕೊಂಡು ಕಿಟಕಿಗೆ ಹೋದರು. ಕಣ್ಣಿಗಿಟ್ಟು ಬಳೆ ತಿರುಗಿಸಿದರು.

“ಜೆರಾಕ್ಸ್, ಲ್ಯಾಮಿನೇಷನ್,” ಎಂದು ಎದುರಿನ ಬೋರ್ಡನ್ನು ಓದಿದರು. ಬಳೆಯನ್ನು ಇನ್ನಷ್ಟು ತಿರುಗಿಸಿದರು. “ಇಲ್ಲಿ ವಾಹನ ನಿಲ್ಲಿಸಬಾರದು. ಅದ್ರ ಬುಡದಲ್ಲೇ ನಿಲ್ಸಿದಾನೆ ನೋಡು ಸ್ಕೂಟರು.” ಕಣ್ಣು ಬದಲಿಸಿದರು. ಅವರ ದನಿ ಏರುತ್ತಿತ್ತು. “ಹೊಸನಗರ, ಸಾಗರ. ಬಸ್ಸು ತಿರುಗ್ತಾ ಇದೆ. ಮುಂದಿನ ಗಾಜಲ್ಲಿ ಸೇವಂತಿಗೆ ಹಾರ. ಕೇಳ್ತಾ ನಿಂಗೆ? ಹಳದಿ ಸೇವಂತಿಗೆ!”

“ಕೇಳ್ತು ಅಪ್ಪಯ್ಯ,” ಎಂದಳು ಮಗಳು.

ಅದು ನಾನು ಹಿಡಿಯಬೇಕಾಗಿದ್ದ ಬಸ್ಸು. ಹೋಗಲಿ ಎಂದು ಬಿಟ್ಟೆ. ಅವರ ಪಕ್ಕ ನಿಂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಅವರು ಓದಿದ ಒಂದೊಂದನ್ನೂ ನಾನೂ ನೋಡಿದೆ. ಎಲ್ಲ ಸರಿ ಇತ್ತು.